ಎಳೆಗೋಳಿಗಳು ಗೂಡು ಕಲಿಯುವ ಹೊತ್ತು

ಬೆಳೆದ ಕೋಳಿಗಳ ಹಿಂಡು ಸಂಜೆಯಾಗುತ್ತಲೇ ಒಂದರ ಹಿಂದೊಂದರಂತೆ ಗೂಡು ಸೇರುವುದನ್ನು ಕಂಡವರಿಗೆ, ಅದು ಕೋಳಿಗೆ ಹುಟ್ಟಿನಿಂದಲೇ ಬಂದ ಬುದ್ಧಿ ಎಂದು ಅನಿಸುವುದು ಸಹಜ. ಆ ಅನಿಸಿಕೆ ಅರ್ಧ ಸರಿ. ಕತ್ತಲಾಗುವ ಮೊದಲು ಎತ್ತರದಲ್ಲಿ ಭದ್ರವಾದ ಜಾಗವೊಂದನ್ನು ಹುಡುಕಿ ಕೂರಬೇಕೆಂಬ ತುಡಿತ ಹುಟ್ಟಿನಿಂದ ಬಂದದ್ದು. ಆ ಜಾಗ ನಾವು ಕಟ್ಟಿದ ಗೂಡೇ ಆಗಿರಬೇಕೆಂಬುದು ಕಲಿತು ಬರುವಂಥದ್ದು. ಎಳೆಗೋಳಿಗಳನ್ನು ಗೂಡಿಗೆ ಒಗ್ಗಿಸುವಾಗ ಎದುರಾಗುವ ಬಹುತೇಕ ತೊಡಕುಗಳು ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಬರುತ್ತವೆ. ಗೂಡಿನ ಬಾಗಿಲು ತೆರೆದಿದ್ದರೂ ಬೇಲಿಯ ಮೇಲೋ ಮರದ ಕೊಂಬೆಯ ಮೇಲೋ ಗೂಡಿನ ಮಾಡಿನ ಮೇಲೋ ಹೋಗಿ ಕೂತ ಕೋಳಿ ಹಟಮಾರಿಯೂ ಅಲ್ಲ, ದಡ್ಡಿಯೂ ಅಲ್ಲ. ತನಗೆ ತಿಳಿದ ಮಟ್ಟಿಗೆ ಅದು ಸರಿಯಾದ ಕೆಲಸವನ್ನೇ ಮಾಡಿದೆ. ಅದಕ್ಕೆ ನಿದ್ದೆಯನ್ನು ಕಲಿಸಬೇಕಾಗಿಲ್ಲ, ವಿಳಾಸವನ್ನು ಕಲಿಸಬೇಕು.

ಸಾಕುಕೋಳಿಯ ಮೂಲ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದು ಹಗಲೆಲ್ಲ ನೆಲ ಕೆದಕುತ್ತ ಮೇಯುತ್ತದೆ, ಮೊಟ್ಟೆಯನ್ನೂ ನೆಲದ ಮೇಲೆಯೇ ಇಡುತ್ತದೆ. ರಾತ್ರಿ ಕಳೆಯುವುದಕ್ಕೆ ಮಾತ್ರ ಮರವನ್ನೋ ಬಿದಿರ ಮೆಳೆಯನ್ನೋ ಏರುತ್ತದೆ. ಇರುಳಲ್ಲಿ ಬೇಟೆಯಾಡುವ ಪ್ರಾಣಿಗಳಿಗೆ ಕತ್ತಲಲ್ಲೂ ದಾರಿ ತಿಳಿಯುತ್ತದೆ, ಕೋಳಿಗೆ ತಿಳಿಯುವುದಿಲ್ಲ. ಆದ್ದರಿಂದ ಬೆಳಕಿರುವಾಗಲೇ ನೆಲ ಬಿಟ್ಟು ಮೇಲೆ ಹೋಗಿ, ಬೆಳಗಾಗುವ ತನಕ ಅಲುಗಾಡದೆ ಕೂರುವುದೊಂದೇ ಅದಕ್ಕಿರುವ ರಕ್ಷಣೆ. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿ, ಮೈತೂಕ ಹೆಚ್ಚಿ, ಹಾರುವ ಶಕ್ತಿ ಕುಗ್ಗಿದ ಮೇಲೂ ಈ ರೂಢಿ ಹೋಗಿಲ್ಲ. ಎರಡು ವಾರ ತುಂಬುವ ಮೊದಲೇ ಮರಿಗಳು ನೀರಿನ ಬಟ್ಟಲಿನ ಅಂಚಿಗೆ ನೆಗೆದು ಕೂರಲು ನೋಡುವುದು ಅದರ ಮೊದಲ ಸುಳಿವು.

ಕತ್ತಲು ಹತ್ತಿರವಾಗುತ್ತಿದೆ ಎಂಬುದನ್ನು ಕೋಳಿ ಕಣ್ಣಿನಿಂದ ಮಾತ್ರ ಅರಿಯುವುದಿಲ್ಲ. ತಲೆಬುರುಡೆಯ ಕೆಳಗೆ, ಮಿದುಳಿನ ಮೇಲ್ಭಾಗದಲ್ಲಿರುವ ಪೀನಿಯಲ್ ಗ್ರಂಥಿ ತಾನೇ ನೇರವಾಗಿ ಬೆಳಕನ್ನು ಗ್ರಹಿಸಬಲ್ಲದು. ಆ ಗ್ರಂಥಿಯಲ್ಲಿರುವ ಪಿನಾಪ್ಸಿನ್ ಎಂಬ ಬೆಳಕುಗ್ರಾಹಿ ವಸ್ತುವನ್ನು ಜಪಾನಿನ ಸಂಶೋಧಕರು 1994ರಲ್ಲಿ ಪತ್ತೆಮಾಡಿದ್ದು ಕೋಳಿಯಲ್ಲಿಯೇ. ಬೆಳಕು ಕುಂದಿದಂತೆ ಈ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಸ್ರವಿಸುತ್ತದೆ, ಮೈ ನಿದ್ದೆಗೆ ಅಣಿಯಾಗುತ್ತದೆ. ಅದಕ್ಕೂ ಸ್ವಲ್ಪ ಮುಂಚೆ ಕೋಳಿಗಳು ಹುರುಪಿನಿಂದ ಮೇಯತೊಡಗುತ್ತವೆ. ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಕಾಳು ಶೇಖರಿಸಿಡುವ ಚೀಲವೊಂದಿದೆ. ಇರುಳೆಲ್ಲ ನಿಧಾನವಾಗಿ ಅರಗಿಸಿಕೊಳ್ಳಲು ಬೇಕಾದದ್ದನ್ನು ಸಂಜೆಯೇ ಅದರಲ್ಲಿ ತುಂಬಿಕೊಳ್ಳುವುದು ಅವುಗಳ ಕ್ರಮ. ಈ ಸಂಜೆಯ ಹಸಿವು, ಎತ್ತರದ ಬಯಕೆ, ಕುಂದುತ್ತಿರುವ ಬೆಳಕು ಮೂರೂ ಸೇರುವ ಅವಧಿ ಬಹಳ ಚಿಕ್ಕದು. ಕಲಿಸುವವರಿಗೆ ಸಿಗುವುದು ಅಷ್ಟೇ ಹೊತ್ತು, ಅದನ್ನು ಚೆನ್ನಾಗಿ ಬಳಸಿಕೊಂಡರೆ ಸಾಕಾಗುತ್ತದೆ.

ಕಣ್ಣಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೂಡಿನ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಗೇ ಹೋಗಿ ಮುಟ್ಟುತ್ತವೆ. ಕೋಳಿಯ ಕಣ್ಣು ಹಗಲಿಗಾಗಿ ರೂಪುಗೊಂಡದ್ದು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯವು. ಕೋಳಿಯಲ್ಲಿ ನಾಲ್ಕು ಬಗೆಯವು, ಅವುಗಳಲ್ಲಿ ಒಂದು ಬಗೆಯವು ನಮಗೆ ಕಾಣದ ನೇರಳೆಯಾಚೆಯ ಬೆಳಕಿನ ಕಡೆಗೂ ಚಾಚುತ್ತವೆ. ಮಂದ ಬೆಳಕಿಗೆ ಬೇಕಾದ ಸರಳುಕೋಶಗಳ ಪಾಲು ಮಾತ್ರ ಕಡಿಮೆ. ಹೀಗಾಗಿ, ನಾವು ಇನ್ನೂ ಆರಾಮವಾಗಿ ಓಡಾಡುವಷ್ಟು ಬೆಳಕಿರುವಾಗಲೇ ಕೋಳಿಗೆ ಸುತ್ತಲಿನದು ಮಸುಕಾಗತೊಡಗುತ್ತದೆ. ಹೊರಗೆ ಮುಸ್ಸಂಜೆಯ ಬೆಳಕಿದ್ದು ಗೂಡಿನೊಳಗೆ ಆಗಲೇ ಕತ್ತಲು ಕವಿದಿದ್ದರೆ, ಬಾಗಿಲ ಮುಂದೆ ನಿಂತ ಎಳೆಗೋಳಿಗೆ ಆ ಬಾಗಿಲು ಗುಹೆಯ ಬಾಯಿಯಂತೆ ಕಾಣುತ್ತದೆ. ಒಳಗೆ ಏನಿದೆಯೋ ತಿಳಿಯದ ಕಡೆಗೆ ಯಾವ ಹಕ್ಕಿಯೂ ಕಾಲಿಡುವುದಿಲ್ಲ.

ಇದನ್ನು ಬಾಗಿಲ ಪಕ್ಕದಲ್ಲಿ ಸದ್ದಿಲ್ಲದೆ ಕೂತು ನೋಡಿದರೆ ಮನದಟ್ಟಾಗುತ್ತದೆ. ಎಳೆಯ ಹೇಂಟೆಯೊಂದು ಹೊಸ್ತಿಲ ತನಕ ಬರುತ್ತದೆ. ಕತ್ತು ಚಾಚಿ, ತಲೆ ಓರೆಮಾಡಿ ಒಂದು ಕಣ್ಣಿನಿಂದ ಒಳಗೆ ನೋಡುತ್ತದೆ. ಮತ್ತೆ ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡುತ್ತದೆ. ಒಂದು ಕಾಲನ್ನು ಎತ್ತಿ, ಬೆರಳುಗಳನ್ನು ಮಡಚಿಕೊಂಡು, ಊರದೆ ಹಾಗೆಯೇ ನಿಲ್ಲುತ್ತದೆ. ಆಮೇಲೆ ಹಿಂದೆ ಸರಿದು, ಏನೂ ಆಗಿಲ್ಲವೆಂಬಂತೆ ನೆಲವನ್ನು ಎರಡು ಸಲ ಕುಕ್ಕಿ, ಮತ್ತೆ ಬರುತ್ತದೆ. ಈ ಹೋಗಿಬರುವಿಕೆ ನಡೆಯುತ್ತಿರುವಾಗಲೇ ಬೆಳಕು ಇನ್ನಷ್ಟು ಇಳಿದು, ಅದರ ಕಣ್ಣಿಗೆ ಒಳಗಿನದು ಪೂರ್ತಿ ಕಾಣದಾಗುತ್ತದೆ. ಆಗ ಅದು ಹಿಂತಿರುಗಿ, ತನಗೆ ಇನ್ನೂ ಕಾಣುತ್ತಿರುವ ಎತ್ತರದ ಜಾಗವೊಂದನ್ನು, ಬಹಳ ಸಲ ಗೂಡಿನ ಮಾಡನ್ನೇ, ಆರಿಸಿಕೊಳ್ಳುತ್ತದೆ. ಇಂಥ ಗೂಡಿನೊಳಗೆ ಸಂಜೆಯ ಹೊತ್ತು ಒಂದು ಚಿಕ್ಕ, ಬಿಸಿಯಾಗದ ಎಲ್‌ಇಡಿ ದೀಪವನ್ನು ಹಚ್ಚಿಟ್ಟರೆ ಎಷ್ಟೋ ಕಡೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ದೀಪದ ಬೆಳಕು ಕೋಳಿಗಳು ಇರುಳು ಕೂರುವ ಅಡ್ಡಗೋಲಿನ ಮೇಲೆ ಬೀಳಬೇಕು, ಬಾಗಿಲಲ್ಲಿ ನಿಂತ ಕೋಳಿಯ ಕಣ್ಣಿಗೆ ಹೊಡೆಯಬಾರದು. ಕೋಳಿಗಳೆಲ್ಲ ಮೇಲೇರಿ ಕೂತ ನಂತರ ಅದನ್ನು ಆರಿಸಲೇಬೇಕು. ಇರುಳಿಡೀ ಉರಿಯುವ ದೀಪ ಅವುಗಳ ನಿದ್ದೆಯನ್ನು ಕೆಡಿಸುತ್ತದೆ. ಮರಿಗಳಿಗೆ ಶಾಖ ಕೊಡುವ ದೊಡ್ಡ ಬಲ್ಬನ್ನು ಈ ಕೆಲಸಕ್ಕೆ ಬಳಸುವುದು ಅಪಾಯ, ಒಣಹುಲ್ಲು ಮತ್ತು ಮರದ ಹೊಟ್ಟು ಹರಡಿದ ಗೂಡಿನಲ್ಲಿ ಅದು ಬೆಂಕಿಗೆ ಕಾರಣವಾಗಬಲ್ಲದು.

ಇನ್ನು ವಯಸ್ಸಿನ ಮಾತು. ಕೃತಕ ಕಾವಿನಲ್ಲಿ ಬೆಳೆದ ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಲ್ಲಿಂದ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದರೆ, ಮೈತುಂಬ ಗರಿ ಮೂಡುವ ಸುಮಾರು 6 ವಾರಗಳ ಹೊತ್ತಿಗೆ ಹೊರಗಿನ ಹವೆಗೆ ಅವು ಹೊಂದಿಕೊಳ್ಳುತ್ತವೆ. ಹವಾಮಾನ ನೋಡಿಕೊಂಡು 6ರಿಂದ 8 ವಾರಗಳ ನಡುವೆ ಗೂಡಿಗೆ ಸಾಗಿಸುವುದು ವಾಡಿಕೆ. ಆದರೆ ಗೂಡಿನ ಕಲಿಕೆ ಅದಕ್ಕೂ ಬಹಳ ಮುಂಚೆ ಶುರುವಾಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮರಿಗಳಿರುವ ಪೆಟ್ಟಿಗೆಯಲ್ಲಿಯೇ, ಅವು ಸಲೀಸಾಗಿ ನೆಗೆಯಬಲ್ಲಷ್ಟು ತಗ್ಗಿನಲ್ಲಿ, ಒಂದು ಸಣ್ಣ ಅಡ್ಡಗೋಲನ್ನು ಇಡಬೇಕು. ಇದರ ಪ್ರಯೋಜನ ಎಷ್ಟು ದೂರ ಹೋಗುತ್ತದೆಂಬುದನ್ನು ಸ್ವೀಡನ್ನಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಅವರು ಒಂದು ಗುಂಪಿನ ಮರಿಗಳಿಗೆ ಮೊದಲ ದಿನದಿಂದಲೇ ಅಡ್ಡಗೋಲು ಕೊಟ್ಟರು, ಇನ್ನೊಂದು ಗುಂಪಿಗೆ 8 ವಾರ ತುಂಬುವವರೆಗೂ ಕೊಡಲಿಲ್ಲ. ಎರಡೂ ಗುಂಪಿನವು ಬೆಳೆದ ಮೇಲೆ ಅವುಗಳ ಮೇವನ್ನು ಎತ್ತರದ ಮೆಟ್ಟಿಲುಗಳ ಮೇಲೆ ಇಟ್ಟು ಪರೀಕ್ಷಿಸಿದಾಗ, ತಗ್ಗಿನ ಮೆಟ್ಟಿಲಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಎತ್ತರ ಹೆಚ್ಚಾದಂತೆ ಮಾತ್ರ, ತಡವಾಗಿ ಅಡ್ಡಗೋಲು ಕಂಡ ಕೋಳಿಗಳು ಹಿಂದೆ ಬಿದ್ದವು. ಮೇಲಿನದನ್ನು ಹೇಗೆ ತಲುಪಬೇಕೆಂಬ ಅಂದಾಜೇ ಅವಕ್ಕೆ ಸರಿಯಾಗಿ ಬೆಳೆದಿರಲಿಲ್ಲವೆಂಬುದು ಸಂಶೋಧಕರ ತೀರ್ಮಾನ. ಗೂಡಿನ ನೆಲದ ಮೇಲೆಯೇ ಮುದುಡಿ ಕೂರುವ ಐದು ತಿಂಗಳ ಕೋಳಿಯನ್ನು ಕಂಡಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಅದಕ್ಕೆ ಮೇಲೇರುವ ಮನಸ್ಸಿಲ್ಲವೆಂದು ತಿಳಿಯುವ ಮೊದಲು, ಅದರ ಬಾಲ್ಯ ಹೇಗೆ ಕಳೆಯಿತೆಂದು ಕೇಳಬೇಕು. ಅಂಥವಕ್ಕೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದು ಗೋಲು, ಅದರ ಮೇಲೆ ಇನ್ನೊಂದು, ಹೀಗೆ ಏಣಿಯ ಹಾಗೆ ಹಂತ ಮಾಡಿಕೊಟ್ಟರೆ ಮೇಲೇರಲು ದಾರಿ ಸಿಗುತ್ತದೆ.

ಅಡ್ಡಗೋಲಿನ ಬಗ್ಗೆ ಇನ್ನು ಕೆಲವೇ ಮಾತು ಸಾಕು. ಸುಮಾರು 4ರಿಂದ 5 ಸೆಂಟಿಮೀಟರ್ ಅಗಲದ, ಅಂಚುಗಳನ್ನು ಉಜ್ಜಿ ನಯಮಾಡಿದ ಮರದ ಪಟ್ಟಿ ಒಳ್ಳೆಯದು. ಜಾರುವ ಪ್ಲಾಸ್ಟಿಕ್ ಕೊಳವೆಯೂ, ಚಳಿಗೆ ತಣ್ಣಗಾಗುವ ಕಬ್ಬಿಣದ ಸರಳೂ ಬೇಡ. ಬೆಳೆದ ಕೋಳಿಯೊಂದಕ್ಕೆ 20 ಸೆಂಟಿಮೀಟರಿನಷ್ಟು ಉದ್ದ ಸಿಗಬೇಕು. ಗೋಲು ಗೋಡೆಯಿಂದ ಒಂದು ಅಡಿ ದೂರವಿದ್ದರೆ ಬಾಲ ತಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊಟ್ಟೆಯಿಡುವ ಪೆಟ್ಟಿಗೆಗಳಿಗಿಂತ ಗೋಲು ಎತ್ತರದಲ್ಲಿರಬೇಕು. ಕೋಳಿ ಇರುಳಿಗೆ ಹುಡುಕುವುದು ಅಲ್ಲಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು. ಪೆಟ್ಟಿಗೆಯೇ ಎತ್ತರದಲ್ಲಿದ್ದರೆ ಅದು ಪೆಟ್ಟಿಗೆಯಲ್ಲೇ ಮಲಗುತ್ತದೆ, ಮುಂದೆ ಅದೇ ಹಿಕ್ಕೆಯ ಮೇಲೆ ಮೊಟ್ಟೆಯಿಡುತ್ತದೆ. ಎಳೆಗೋಳಿಗಳು ಮೊಟ್ಟೆಗೆ ಬರುವ ಸುಮಾರು 18ರಿಂದ 20 ವಾರಗಳವರೆಗೂ ಪೆಟ್ಟಿಗೆಗಳ ಬಾಯಿಗೆ ಹಲಗೆ ಅಡ್ಡವಿಟ್ಟು ಮುಚ್ಚಿಬಿಡುವುದು ಈ ಅಭ್ಯಾಸವನ್ನು ಬುಡದಲ್ಲೇ ತಪ್ಪಿಸುವ ಸುಲಭ ದಾರಿ. ಮೈಭಾರದ ತಳಿಗಳಿಗೆ ಗೋಲು ತಗ್ಗಿನಲ್ಲಿರಲಿ, ಎತ್ತರದಿಂದ ಧುಮುಕಿದಾಗ ಅವುಗಳ ಪಾದಕ್ಕೂ ಎದೆಮೂಳೆಗೂ ಪೆಟ್ಟಾಗುತ್ತದೆ. ರೇಷ್ಮೆಯಂಥ ಗರಿಯ ಸಿಲ್ಕಿ ತಳಿಯವು ಹಾರಲಾರವು. ಅವು ನೆಲದ ಮೇಲೆ ಒಟ್ಟಾಗಿ ಮಲಗಿದರೆ ಅದನ್ನು ಕುಂದೆಂದು ಎಣಿಸಬೇಕಾಗಿಲ್ಲ.

ಹೊಸ ಗೂಡಿಗೆ ತಂದ ಮೇಲೆ ಮೊದಲ ಕೆಲಸ, ಅವನ್ನು ಹೊರಗೆ ಬಿಡದಿರುವುದು. ಒಂದು ವಾರದ ಮಟ್ಟಿಗೆ ಗೂಡಿನಲ್ಲೋ ಗೂಡಿಗೆ ಹೊಂದಿಕೊಂಡ ಜಾಲರಿಯ ಅಂಗಳದಲ್ಲೋ ಇಟ್ಟು, ಅಲ್ಲಿಯೇ ಮೇವು ನೀರು ಕೊಡಬೇಕು. ಇದು ಕೋಳಿಗೆ ಕೊಡುವ ಶಿಕ್ಷೆಯೆಂದು ಕೆಲವರು ಮರುಗುತ್ತಾರೆ. ಅವರ ಮರುಕ ನನಗೆ ಅರ್ಥವಾಗುತ್ತದೆ, ಆದರೂ ಈ ಹಂತವನ್ನು ಬಿಟ್ಟುಬಿಡಬಾರದೆಂದೇ ಹೇಳುತ್ತೇನೆ. ಕೋಳಿಗೆ ಜಾಗದ ನೆನಪು ಗಟ್ಟಿಯಾಗಿರುತ್ತದೆ. ಆದರೆ ಆ ನೆನಪು ಕೂರಬೇಕಾದರೆ ಅದೇ ಜಾಗದಲ್ಲಿ ಕತ್ತಲಾಗುವುದನ್ನೂ ಅದೇ ಜಾಗದಲ್ಲಿ ಬೆಳಗಾಗುವುದನ್ನೂ ಅದು ಮತ್ತೆ ಮತ್ತೆ ಕಾಣಬೇಕು. ಇರುಳು ಕಳೆದು, ಯಾವ ಕೇಡೂ ಆಗದೆ, ಎಚ್ಚರವಾದಾಗ ಮುಂದೆ ಮೇವು ಇತ್ತು ಎಂಬ ಅನುಭವ ಒಂದರ ಮೇಲೊಂದು ಸೇರಿದಾಗಲೇ ಆ ಜಾಗ ಅದಕ್ಕೆ ಮನೆಯಾಗುತ್ತದೆ. ಒಳಗಿಟ್ಟ ದಿನಗಳಲ್ಲಿ ಗೂಡು ಇಕ್ಕಟ್ಟಾಗದಂತೆ, ಬಿಸಿಲಿನ ಕಾಲದಲ್ಲಿ ಸೆಕೆ ಕಟ್ಟದಂತೆ ನೋಡಿಕೊಳ್ಳುವ ಹೊಣೆ ಸಾಕುವವರದು. ಕೂತ ಕೋಳಿಗಳ ತಲೆಗಿಂತ ಮೇಲೆ ಗಾಳಿ ಹಾದುಹೋಗಬೇಕು, ಅವುಗಳ ಮೈಗೆ ನೇರವಾಗಿ ಬೀಸಬಾರದು. ಉಸಿರು ಕಟ್ಟುವ, ಹಿಕ್ಕೆಯ ಘಾಟು ತುಂಬಿದ ಗೂಡನ್ನು ಕೋಳಿ ಒಲ್ಲೆನೆಂದರೆ ಅದರ ಮಾತನ್ನು ನಾವು ಕೇಳಬೇಕು.

ಈ ದಿನಗಳಲ್ಲಿ ಸಂಜೆ ಹೋಗಿ ನೋಡಿದಾಗ ಮರಿಗಳೆಲ್ಲ ಮೂಲೆಯೊಂದರಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಗುಡ್ಡೆಯಾಗಿ ಕೂತಿರಬಹುದು. ತಾಯಿಯಿಲ್ಲದೆ ಬೆಳೆದ ಮರಿಗಳಲ್ಲಿ ಇದು ಹೆಚ್ಚು. ಬೆಚ್ಚಗಿರಲೆಂದೂ ಹೆದರಿಕೆಯಿಂದಲೂ ಅವು ಹೀಗೆ ಮಾಡುತ್ತವೆ, ಆದರೆ ಕೆಳಗೆ ಸಿಕ್ಕಿಕೊಂಡದ್ದು ಉಸಿರುಗಟ್ಟಿ ಸಾಯುವ ಅಪಾಯವಿದೆ. ಮೂಲೆಗಳಿಗೆ ಹಲಗೆಯನ್ನು ಓರೆಯಾಗಿ ಇಟ್ಟು ದುಂಡಗೆ ಮಾಡುವುದು, ಕತ್ತಲಾದ ಮೇಲೆ ಒಂದೊಂದನ್ನೇ ಎತ್ತಿ ಗೋಲಿನ ಮೇಲೆ ಕೂರಿಸುವುದು ಇದಕ್ಕೆ ಪರಿಹಾರ. ಹೀಗೆ ಎತ್ತಿ ಕೂರಿಸುವಾಗ ಒಂದು ಸಂಗತಿ ಕೈಗೇ ತಿಳಿಯುತ್ತದೆ. ನಿದ್ದೆಗಣ್ಣಿನ ಎಳೆಗೋಳಿಯನ್ನು ಎರಡೂ ಅಂಗೈಗಳ ನಡುವೆ ರೆಕ್ಕೆ ಒತ್ತಿ ಹಿಡಿದು, ಅದರ ಕಾಲುಗಳನ್ನು ಗೋಲಿಗೆ ತಾಗಿಸಿದರೆ, ಮೊದಲು ಬೆರಳುಗಳು ಬಿಚ್ಚಿಕೊಳ್ಳುತ್ತವೆ, ತಡವುತ್ತವೆ. ಮೈಭಾರವನ್ನು ಮೆಲ್ಲಗೆ ಇಳಿಸಿದಂತೆ ಕಾಲು ಮಡಚಿ, ಕಾಲಿನ ಹಿಂಬದಿಯ ಸ್ನಾಯುರಜ್ಜು ಬಿಗಿದು, ಬೆರಳುಗಳು ತಾವಾಗಿ ಗೋಲನ್ನು ಹಿಡಿದುಕೊಳ್ಳುತ್ತವೆ. ಆ ಹಿಡಿತ ಗಟ್ಟಿಯಾಗುವವರೆಗೂ ಕೈ ಬಿಡಬಾರದು. ಬಿಟ್ಟೊಡನೆ ಅದು ಒಮ್ಮೆ ಮೈ ಕೊಡವಿ, ಪಕ್ಕದಲ್ಲಿರುವುದರ ಮೈಗೆ ಒರಗಿ, ಗರಿಗಳನ್ನು ಉಬ್ಬಿಸಿ ಕೂರುತ್ತದೆ. ಕೆಲವು ಮತ್ತೆ ಕೆಳಗಿಳಿಯುತ್ತವೆ. ಮತ್ತೆ ಎತ್ತಿ ಕೂರಿಸಬೇಕು. ಕತ್ತಲಲ್ಲಿ ಕೋಳಿ ಓಡುವುದಿಲ್ಲ, ಹೆಚ್ಚು ಗಾಬರಿಯನ್ನೂ ಪಡುವುದಿಲ್ಲ. ಹಗಲಿನಲ್ಲಿ ಅಟ್ಟಾಡಿಸಿ ಹಿಡಿಯುವುದಕ್ಕೆ ಹೋಲಿಸಿದರೆ ಇದು ಇಬ್ಬರಿಗೂ ಹಿತವಾದ ಕೆಲಸ.

ವಾರ ಕಳೆದು ಮೊದಲ ಸಲ ಹೊರಗೆ ಬಿಡುವಾಗ, ಬೆಳಿಗ್ಗೆ ಬಿಡದೆ, ಸೂರ್ಯ ಮುಳುಗಲು ಒಂದು ಗಂಟೆಯಿದೆ ಎನ್ನುವಾಗ ಬಿಡಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಅವು ದೂರ ಹೋಗುವುದಿಲ್ಲ, ಬೇರೆ ಎತ್ತರದ ಜಾಗಗಳನ್ನು ಗುರುತಿಟ್ಟುಕೊಳ್ಳಲು ಪುರುಸೊತ್ತೂ ಇರುವುದಿಲ್ಲ. ಆ ಮಧ್ಯಾಹ್ನ ಮೇವನ್ನು ಸ್ವಲ್ಪ ಹಿಡಿದಿಟ್ಟು, ಸಂಜೆಯ ಕಾಳನ್ನು ಗೂಡಿನೊಳಗೆ ಮಾತ್ರ ಹಾಕಬೇಕು. ಕಾಳು ಹಾಕುವಾಗ ಪ್ರತಿ ಸಲವೂ ಒಂದೇ ಸದ್ದು ಮಾಡುವುದು ಒಳ್ಳೆಯದು. ಡಬ್ಬಿ ಅಲುಗಿಸುವುದಾದರೂ ಸರಿ, ಬಾಯಲ್ಲಿ ಕರೆಯುವುದಾದರೂ ಸರಿ. ಕೋಳಿಗಳು ಸದ್ದನ್ನೂ ಕಾಳನ್ನೂ ಜೊತೆಗೂಡಿಸಿಕೊಳ್ಳುವುದು ಬೇಗ, ಒಮ್ಮೆ ಕೂಡಿಸಿಕೊಂಡರೆ ಹಗಲಿನಲ್ಲಿ ಯಾವುದೋ ಅಪಾಯ ಕಂಡಾಗಲೂ ಆ ಕರೆಯಿಂದ ಹಿಂಡನ್ನು ಒಳಗೆ ತರಬಹುದು. ದಿನದಿಂದ ದಿನಕ್ಕೆ ಹೊರಗಿನ ಹೊತ್ತನ್ನು ಹಿಗ್ಗಿಸುತ್ತ ಹೋದರೆ ಆಯಿತು.

ಹಾಗೆ ಮಾಡಿದರೂ ಒಂದೆರಡು ಕೋಳಿಗಳು ಹೊರಗೇ ಉಳಿಯುತ್ತವೆ. ಅಂಥ ಹೊತ್ತಿನಲ್ಲಿ ಕೋಲು ಹಿಡಿದು ಅಟ್ಟುವುದನ್ನು ನಾನು ಯಾರಿಗೂ ಸೂಚಿಸಲಾರೆ. ಅಟ್ಟಿದ ಕೋಳಿ ಗೂಡಿನ ಬಾಗಿಲನ್ನು ಹೆದರಿಕೆಯ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ. ಮರುದಿನ ಸಂಜೆ ಮನುಷ್ಯರು ಹತ್ತಿರ ಬಂದರೆ ಸಾಕು, ಬಾಗಿಲಿಂದ ದೂರ ಓಡುತ್ತದೆ. ಎರಡು ಕೈಗಳನ್ನು ಅಗಲಿಸಿ, ನಿಧಾನವಾಗಿ, ಹಿಂಡಿನ ಹಿಂದಿನಿಂದ ನಡೆಯುವುದರಲ್ಲಿ ತಪ್ಪಿಲ್ಲ. ಅದಕ್ಕೂ ಬಗ್ಗದವು ಎಲ್ಲಿ ಕೂರುತ್ತವೋ ನೋಡಿಟ್ಟುಕೊಂಡು, ಪೂರ್ತಿ ಕತ್ತಲಾದ ಮೇಲೆ ಮಂದ ಬೆಳಕಿನ ಟಾರ್ಚ್ ಹಿಡಿದು ಹೋಗಿ, ಎತ್ತಿ ತಂದು ಗೋಲಿನ ಮೇಲೆ ಕೂರಿಸಬೇಕು. ಇದನ್ನು ಒಂದು ದಿನವೂ ತಪ್ಪಿಸದೆ ಮಾಡುವುದು ಮುಖ್ಯ. ಒಂದು ರಾತ್ರಿ ಮರದ ಮೇಲೆ ಕ್ಷೇಮವಾಗಿ ಕಳೆದ ಕೋಳಿಗೆ ಆ ಕೊಂಬೆಯೇ ಮನೆಯೆನಿಸುತ್ತದೆ; ಅಲ್ಲಿಯೂ ಬೆಳಗಾಯಿತು, ಕೇಡೇನೂ ಆಗಲಿಲ್ಲ ಎಂಬ ನೆನಪು ಗೂಡಿನ ನೆನಪಿಗೆ ಎದುರಾಗಿ ನಿಲ್ಲುತ್ತದೆ. ಕೆಲವರು ಒಂದು ಕಡೆಯ ರೆಕ್ಕೆಯ ಗರಿ ಕತ್ತರಿಸುತ್ತಾರೆ. ಅದರಿಂದ ಕೋಳಿ ಎತ್ತರಕ್ಕೆ ಹಾರುವುದು ಕಡಿಮೆಯಾಗಬಹುದು, ಆದರೆ ಗೂಡಿನ ದಾರಿಯನ್ನು ಗರಿ ಕತ್ತರಿಸುವುದು ಕಲಿಸುವುದಿಲ್ಲ. ಮೇಲೇರಲಾಗದೆ ನೆಲದಲ್ಲಿ ಉಳಿದ ಕೋಳಿ ಇನ್ನೂ ಹೆಚ್ಚು ಅಪಾಯದಲ್ಲಿರುತ್ತದೆ.

ಕಾವು ಕೂತು ಮರಿ ಮಾಡಿದ ಹೇಂಟೆಯಿದ್ದರೆ ನಮ್ಮ ಪಾಲಿನ ಕೆಲಸ ಬಹಳ ಕಡಿಮೆ. ಮೊದಲ ವಾರಗಳಲ್ಲಿ ಅದು ಮರಿಗಳನ್ನು ರೆಕ್ಕೆಯಡಿ ಹುದುಗಿಸಿಕೊಂಡು ನೆಲದಲ್ಲೇ ಇರುಳು ಕಳೆಯುತ್ತದೆ. ಮರಿಗಳ ಮೈಯಲ್ಲಿ ಗರಿ ತುಂಬಿ, ರೆಕ್ಕೆಗೆ ಬಲ ಬಂದಾಗ ಒಂದು ಸಂಜೆ ತಾನು ಗೋಲಿನ ಮೇಲೆ ಹಾರಿ ಕೂತು ಕರೆಯುತ್ತದೆ. ಮರಿಗಳು ಕೆಳಗೆ ಕೂಗಾಡುತ್ತ ಅತ್ತಿತ್ತ ಓಡುತ್ತವೆ, ಒಂದು ಹಾರುತ್ತದೆ, ಇನ್ನೊಂದು ಜಾರಿ ಬೀಳುತ್ತದೆ, ಕೊನೆಗೆ ಹೇಗೋ ಮೇಲೆ ಸೇರಿ ಅದರ ಎರಡೂ ಪಕ್ಕಗಳಲ್ಲಿ ನುಸುಳಿಕೊಳ್ಳುತ್ತವೆ. ನಾವು ಕೈಯಿಂದಲೂ ಕಾಳಿನಿಂದಲೂ ದೀಪದಿಂದಲೂ ಕಲಿಸುವುದನ್ನು ತಾಯಿ ಬರೀ ತನ್ನ ಇರವಿನಿಂದ ಕಲಿಸುತ್ತದೆ. ತಾಯಿಯಿಲ್ಲದ ಮರಿಗಳಿಗೆ ಗೂಡು ಕಲಿಯುವುದು ತಡವಾದರೆ ತಾಳ್ಮೆ ಕಳೆದುಕೊಳ್ಳಬಾರದೆಂದು ನಾನು ಕೇಳಿಕೊಳ್ಳುವುದು ಈ ಕಾರಣಕ್ಕೆ.

ಗೂಡಿನಲ್ಲಿ ಆಗಲೇ ಹಳೆಯ ಕೋಳಿಗಳಿದ್ದರೆ, ಅವನ್ನು ನೋಡಿ ಎಳೆಯವು ತಾವೇ ಕಲಿಯುತ್ತವೆಂದು ಬಹಳ ಜನ ಭಾವಿಸುತ್ತಾರೆ. ದಾರಿಯನ್ನೇನೋ ಕಲಿಯುತ್ತವೆ, ಆದರೆ ಒಳಗೆ ಜಾಗ ಸಿಗುವುದು ಬೇರೆಯೇ ಮಾತು. ಕೋಳಿಗಳಲ್ಲಿ ಮೇಲು ಕೀಳಿನ ಕಟ್ಟುನಿಟ್ಟಾದ ಸಾಲೊಂದಿದೆ, ಯಾವುದು ಯಾವುದನ್ನು ಕುಕ್ಕಬಹುದು ಎಂಬುದರಿಂದ ಆ ಸಾಲು ತೀರ್ಮಾನವಾಗುತ್ತದೆ ಎಂಬುದನ್ನು ನಾರ್ವೆಯ ವಿಜ್ಞಾನಿ ತೋರ್ಲೀಫ್ ಶೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿಯೇ ವಿವರಿಸಿದ್ದರು. ಆ ಸಾಲಿನ ಬಿಸಿ ಹಗಲಿಗಿಂತ ಮುಸ್ಸಂಜೆಯಲ್ಲಿ, ಇಕ್ಕಟ್ಟಾದ ಗೂಡಿನೊಳಗೆ, ಹೆಚ್ಚು ತಟ್ಟುತ್ತದೆ. ಎತ್ತರದ, ನಡುವಿನ ಜಾಗ ಹಿರಿಯ ಹೇಂಟೆಗಳದು. ಎಳೆಯದೊಂದು ಹಾರಿ ಪಕ್ಕದಲ್ಲಿ ಕೂತರೆ ತಲೆಯ ಮೇಲೆ ಒಂದು ಕುಕ್ಕು ಬೀಳುತ್ತದೆ, ಅದು ಕೆಳಗೆ ಬೀಳುತ್ತದೆ. ಎರಡು ಮೂರು ಸಲ ಹೀಗಾದರೆ ಅದು ಹೊರಗೆ ಹೋಗಿಬಿಡುತ್ತದೆ. ಆಮೇಲೆ ಬಂದು ನೋಡಿದ ನಮಗೆ ಕಾಣುವುದು ಗೂಡಿಗೆ ಬಾರದ ಕೋಳಿ ಮಾತ್ರ, ಅದನ್ನು ಓಡಿಸಿದ ಕುಕ್ಕು ಕಾಣುವುದಿಲ್ಲ. ಹಾಗಾಗಿ ಹೊರಗುಳಿಯುವ ಕೋಳಿಗಳಿದ್ದಾಗ ಒಂದು ಸಂಜೆಯಾದರೂ ಗೂಡಿನೊಳಗೆ ನಡೆಯುವುದನ್ನು ಮೊದಲಿಂದ ಕೊನೆಯವರೆಗೂ ನಿಂತು ನೋಡಬೇಕು. ಮೊದಲ ಗೋಲಿನಿಂದ ದೂರದಲ್ಲಿ, ಅದೇ ಎತ್ತರಕ್ಕೆ ಇನ್ನೊಂದು ಗೋಲು ಕಟ್ಟುವುದು, ನಡುವೆ ಹಲಗೆಯೊಂದನ್ನು ತೂಗಿಬಿಟ್ಟು ಮರೆ ಮಾಡುವುದು, ಕೆಲವು ದಿನ ಹಳೆಯವು ಕೂತು ಕತ್ತಲಾದ ಮೇಲೆ ಎಳೆಯವನ್ನು ಕೈಯಾರೆ ಕೂರಿಸುವುದು ಇವೆಲ್ಲ ನೆರವಾಗುತ್ತವೆ. ಕತ್ತಲಲ್ಲಿ ಪಕ್ಕ ಬಂದು ಕೂತದ್ದನ್ನು ಹಿರಿಯ ಹೇಂಟೆ ಕುಕ್ಕುವುದು ಅಪರೂಪ. ಬೆಳಿಗ್ಗೆ ಬಾಗಿಲನ್ನು ಬೇಗ ತೆರೆದರೆ ಎಳೆಯವಕ್ಕೆ ತಪ್ಪಿಸಿಕೊಳ್ಳಲು ದಾರಿಯಿರುತ್ತದೆ.

ಬಾಗಿಲು ಮುಚ್ಚುವ ಹೊತ್ತನ್ನೂ ಈ ಸಾಲೇ ನಿರ್ಧರಿಸುತ್ತದೆ. ಹಿರಿಯವು ಮೊದಲು ಒಳಹೋಗಿ ಜಾಗ ಹಿಡಿದರೆ, ಅವು ಸುಮ್ಮನಾಗುವುದನ್ನು ಕಾದು ಕೊನೆಗೆ ಒಳಬರುವವು ಸಾಲಿನ ಕೆಳಗಿನವು. ಬೆಳಕಿಗೆ ತಕ್ಕಂತೆ ತಾನಾಗಿ ಮುಚ್ಚಿಕೊಳ್ಳುವ ಯಾಂತ್ರಿಕ ಬಾಗಿಲಿದ್ದರೆ, ಎಳೆಗೋಳಿಗಳು ರೂಢಿಯಾಗುವ ತನಕ ಅದನ್ನು ಇನ್ನಷ್ಟು ಕತ್ತಲಾದ ಮೇಲೆ ಮುಚ್ಚುವಂತೆ ಹೊಂದಿಸಬೇಕು. ಇಲ್ಲವಾದರೆ ಒಳಬರಲೆಂದು ಬಂದವೇ ಹೊರಗುಳಿಯುತ್ತವೆ. ಯಂತ್ರ ಬಾಗಿಲು ಮುಚ್ಚುತ್ತದೆ, ತಲೆ ಎಣಿಸುವುದಿಲ್ಲ. ಎಣಿಸುವ ಕೆಲಸ ನಮ್ಮದೇ. ಕಿಟಕಿಗೂ ಗಾಳಿಗಂಡಿಗೂ ಹೊಡೆಯುವ ಜಾಲರಿ ಗಟ್ಟಿಯಾದ ಬೆಸುಗೆಯದಾಗಿ, ಅದರ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಿಲ್ಲದಿದ್ದರೆ ಇಲಿಗೂ ಹಾವಿಗೂ ಒಳನುಸುಳುವುದು ಕಷ್ಟ. ಆರು ಮೂಲೆಯ ಕಣ್ಣುಗಳ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗೆ ಹಿಡಿದಿಡಬಲ್ಲದು, ಹಸಿದ ಪ್ರಾಣಿಯನ್ನು ಹೊರಗೆ ತಡೆಯಲಾರದು. ಕೋಳಿಗೆ ಗೂಡಿನಲ್ಲಿ ನಂಬಿಕೆ ಹುಟ್ಟಿಸಲು ಇಷ್ಟೆಲ್ಲ ಶ್ರಮಪಟ್ಟ ಮೇಲೆ ಆ ನಂಬಿಕೆಗೆ ತಕ್ಕಷ್ಟು ಗೂಡು ಗಟ್ಟಿಯಿರಬೇಕಾದದ್ದು ನ್ಯಾಯ. ಮರದ ಮೇಲೆ ಕೂತ ಹಕ್ಕಿಗೆ ಹಾರಿಹೋಗುವ ಅವಕಾಶವಾದರೂ ಇರುತ್ತದೆ, ಮುಚ್ಚಿದ ಗೂಡಿನೊಳಗಿನದಕ್ಕೆ ಅದೂ ಇಲ್ಲ.

ಚೆನ್ನಾಗಿ ಗೂಡು ಸೇರುತ್ತಿದ್ದ ಕೋಳಿಗಳು ಒಂದು ದಿನ ಇದ್ದಕ್ಕಿದ್ದಂತೆ ಒಳಗೆ ಹೋಗಲು ಒಲ್ಲೆನೆಂದರೆ ಅವು ಕಲಿತದ್ದನ್ನು ಮರೆತಿವೆಯೆಂದು ತಿಳಿಯಬಾರದು. ಒಳಗೆ ಏನೋ ಬದಲಾಗಿದೆ. ಇರುಳಲ್ಲಿ ಹೆಗ್ಗಣವೋ ಹಾವೋ ಬಂದಿರಬಹುದು. ಅದಕ್ಕಿಂತಲೂ ಹೆಚ್ಚು ಸಲ ಕಾಣುವುದು ಕೆಂಪು ನುಸಿ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಈ ಹುಳು ಹಗಲೆಲ್ಲ ಗೋಲಿನ ತುದಿಯ ಸಂದಿಗಳಲ್ಲಿ, ಹಲಗೆಯ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಕೋಳಿಯ ಮೈಮೇಲೆ ಹತ್ತಿ ರಕ್ತ ಹೀರುತ್ತದೆ. ಸೆಕೆಯ ಕಾಲದಲ್ಲಿ ಮೊಟ್ಟೆಯಿಂದ ಪೂರ್ಣ ಬೆಳವಣಿಗೆಗೆ ಒಂದು ವಾರದಷ್ಟು ಸಾಕಾಗುವುದರಿಂದ ಅದರ ಸಂಖ್ಯೆ ಏರುವುದು ಬಹಳ ಬೇಗ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಿರಲೂ ಬಲ್ಲದು. ಹಗಲಿನಲ್ಲಿ ಕೋಳಿಯ ಮೈಯನ್ನು ಎಷ್ಟು ಹುಡುಕಿದರೂ ಅದು ಸಿಗುವುದು ಕಷ್ಟ. ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಬಿಳಿ ಬಟ್ಟೆಯೊಂದನ್ನು ಗೋಲಿನ ಅಡಿಭಾಗಕ್ಕೆ ಒತ್ತಿ ಎಳೆದರೆ, ರಕ್ತ ಕುಡಿದ ನುಸಿಗಳು ಅರೆದು ಬಟ್ಟೆಯ ಮೇಲೆ ಕೆಂಪು ಗೀರುಗಳು ಮೂಡುತ್ತವೆ. ಹಾಗೆ ಮೂಡಿದರೆ ಗೋಲುಗಳನ್ನು ಬಿಚ್ಚಿ, ಹೊಟ್ಟನ್ನೆಲ್ಲ ತೆಗೆದು, ಪ್ರತಿ ಸಂದಿಯನ್ನೂ ತೊಳೆದು ಮದ್ದು ಹಾಕಬೇಕು, ಮರಿಯಾಗುವ ಹೊಸ ಪೀಳಿಗೆಗಾಗಿ ಒಂದು ವಾರ ಬಿಟ್ಟು ಮತ್ತೆ ಅದನ್ನೇ ಮಾಡಬೇಕು. ಯಾವ ಮದ್ದು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ತೀರ್ಮಾನಿಸುವುದು ಒಳ್ಳೆಯದು, ಮೊಟ್ಟೆಯಿಡುವ ಕೋಳಿಗಳಿಗೆ ಎಲ್ಲವೂ ಹೊಂದುವುದಿಲ್ಲ. ಗೂಡು ಶುದ್ಧವಾದ ಮೇಲೆ ಕೋಳಿಗಳನ್ನು ಹೊಸದಾಗಿ ಕಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಗೂಡನ್ನೇ ಬೇರೆ ಕಡೆಗೆ ಸರಿಸಿದಾಗ ಮಾತ್ರ ಪಾಠ ಮೊದಲಿಂದ ಶುರುವಾಗುತ್ತದೆ. ಕೋಳಿ ನೆನಪಿಟ್ಟುಕೊಂಡಿರುವುದು ಗೂಡಿನ ಬಣ್ಣವನ್ನೋ ಆಕಾರವನ್ನೋ ಅಲ್ಲ, ಅದು ಇದ್ದ ಜಾಗವನ್ನು. ಅದೇ ಗೂಡು ಕಣ್ಣೆದುರಿಗೇ ಸ್ವಲ್ಪ ದೂರದಲ್ಲಿ ನಿಂತಿದ್ದರೂ ಹಿಂಡು ಹಳೆಯ ಜಾಗದಲ್ಲೇ ಬಂದು ಸೇರುತ್ತದೆ. ಅಂಗಳದಲ್ಲಿ ದಿನವೂ ಒಂದಿಷ್ಟು ಸರಿಸುವ ಗಾಲಿ ಗೂಡಾದರೆ ಒಂದು ಸಲಕ್ಕೆ ಗೂಡಿನ ಉದ್ದದಷ್ಟೇ ಸರಿಸಿದರೆ ತೊಂದರೆಯಾಗುವುದಿಲ್ಲ. ದೂರಕ್ಕೆ ಸಾಗಿಸುವುದಾದರೆ ರಾತ್ರಿ ಕೋಳಿಗಳು ಒಳಗೆ ಕೂತಿರುವಾಗಲೇ ಸಾಗಿಸಿ, ಮುಂದಿನ ಕೆಲವು ದಿನ ಹೊರಗೆ ಬಿಡದೆ ಇಟ್ಟು, ಆಮೇಲೆ ಸಂಜೆಯ ಒಂದು ಗಂಟೆಯಿಂದ ಮತ್ತೆ ಆರಂಭಿಸಬೇಕು. ಗೋಲು ಹತ್ತುವುದನ್ನೂ ಕರೆಗೆ ಓಗೊಡುವುದನ್ನೂ ಅವು ಆಗಲೇ ಬಲ್ಲವು, ಹೊಸದಾಗಿ ಕಲಿಯಬೇಕಾದದ್ದು ದಿಕ್ಕು ಮಾತ್ರವಾದ್ದರಿಂದ ಎರಡನೆಯ ಸಲ ಮೊದಲಿನಷ್ಟು ಕಾಲ ಹಿಡಿಯುವುದಿಲ್ಲ.